‘ನಾಮಿನೇಶನ್’ ಎಂದರೆ ವೀಸಾ ಅಲ್ಲ: ಕೆನಡಾ, ಆಸ್ಟ್ರೇಲಿಯ ಪಿಆರ್‌ಗೆ ಹಣ ಕಟ್ಟುವ ಮುನ್ನ

ಕೊಯಮತ್ತೂರು: ಈ ಕಡೆಯ ಹಳ್ಳಿಗಳಲ್ಲಿ ‘ನಾಮಿನೇಶನ್’ ಎಂಬ ಮಾತಿಗೆ ಇಷ್ಟು ದಿನ ಎರಡೇ ಅರ್ಥವಿತ್ತು. ಒಂದು, ಪಂಚಾಯತ್ ಚುನಾವಣೆಗೆ ನಾಮಪತ್ರ ಹಾಕುವುದು. ಇನ್ನೊಂದು, ಎಲ್‌ಐಸಿ ಪಾಲಿಸಿಯಲ್ಲಿ ಹೆಂಡತಿಯ ಹೆಸರು ಬರೆಸುವುದು. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಬಂದು ಸೇರಿಕೊಂಡಿದೆ. ಎಂಜಿನಿಯರಿಂಗ್ ಓದಿ ಕೊಯಮತ್ತೂರಿನ ಪಂಪ್‌ಸೆಟ್ ಕಂಪನಿಯಲ್ಲೋ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲೋ ಎಂಟು ಹತ್ತು ವರ್ಷ ದುಡಿದ ಮಗ ಒಂದು ಭಾನುವಾರ ಊರಿಗೆ ಬಂದು, ‘ಕೆನಡಾದಲ್ಲಿ ಯಾವುದೋ ಪ್ರಾಂತ್ಯ ನಾಮಿನೇಟ್ ಮಾಡಿದರೆ ಪಿಆರ್ ಸಿಗುತ್ತದಂತೆ ಅಪ್ಪಾ, ಏಜೆಂಟರು ಮೊದಲ ಕಂತು ಕಟ್ಟಿ ಎನ್ನುತ್ತಿದ್ದಾರೆ’ ಎನ್ನುತ್ತಾನೆ. ಅಪ್ಪ ತೋಟದ ಪಟ್ಟಾ ಹುಡುಕುತ್ತಾರೆ. ಅಮ್ಮ ಒಡವೆಯ ಡಬ್ಬಿ ತೆಗೆಯುತ್ತಾರೆ. ನಾಮಿನೇಶನ್ ಎಂದರೆ ಏನು, ಅದನ್ನು ಯಾರು ಯಾರಿಗೆ ಕೊಡುತ್ತಾರೆ ಎಂದು ಮನೆಯಲ್ಲಿ ಕೇಳುವವರೇ ಇರುವುದಿಲ್ಲ.

ಅನ್ನೂರು, ಸಿರುಮುಗೈ, ನೆಗಮಂ, ಉಡುಮಲೈಪೇಟೆ ಕಡೆಯ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಕೇಳಲೇಬೇಕಾದ ಕಾಲವಿದು. ಏಕೆಂದರೆ ಈ ಬಾಗಿಲು 2024ರ ಕೊನೆಯಿಂದ ಬಹಳ ಕಿರಿದಾಗಿದೆ. ಜಾಹೀರಾತುಗಳು ಮಾತ್ರ ಹಳೆಯ ಅಳತೆಯಲ್ಲೇ ಇವೆ.

ಮೊದಲು ಪಿಆರ್ ಎಂಬುದನ್ನು ನೋಡೋಣ. ಅದು ಕಾಯಂ ವಾಸದ ಹಕ್ಕು, ಪೌರತ್ವ ಅಲ್ಲ. ಪಿಆರ್ ಪಡೆದವರು ಭಾರತೀಯರಾಗಿಯೇ ಉಳಿಯುತ್ತಾರೆ, ಪಾಸ್‌ಪೋರ್ಟ್ ಬದಲಾಗುವುದಿಲ್ಲ. ಆ ದೇಶದಲ್ಲಿ ಕೆಲಸ ಮಾಡಬಹುದು, ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಬಹುದು, ಆಸ್ಪತ್ರೆ ಸೌಲಭ್ಯ ಪಡೆಯಬಹುದು, ಆದರೆ ಮತದಾನವಿಲ್ಲ. ಕೆನಡಾದ ಪಿಆರ್ ಉಳಿಯಬೇಕಾದರೆ 5 ವರ್ಷಗಳಲ್ಲಿ ಒಟ್ಟು 730 ದಿನವಾದರೂ ಅಲ್ಲಿ ಇರಬೇಕು. ಕಾರ್ಡು ಮಾಡಿಸಿಕೊಂಡು ಬಂದು ಊರಲ್ಲಿ ಕೂರುತ್ತೇನೆ ಎಂದರೆ ನಡೆಯದು.

ಹೊಲಿಗೆ ಯಂತ್ರದಿಂದ ಶುರುವಾದ ಕತೆ

ಪ್ರಾಂತ್ಯವೊಂದು ತನಗೆ ಬೇಕಾದವರನ್ನು ತಾನೇ ಹೆಸರಿಸುವ ಈ ಪದ್ಧತಿಯ ಹುಟ್ಟು ತಿರುಪ್ಪೂರಿನವರಿಗೆ ಚೆನ್ನಾಗಿ ಅರ್ಥವಾಗುವಂಥದು. ಕೆನಡಾದ ನಡುಭಾಗದಲ್ಲಿ ಮ್ಯಾನಿಟೋಬಾ ಎಂಬ ಪ್ರಾಂತ್ಯವಿದೆ. ಅದರ ರಾಜಧಾನಿ ವಿನ್ನಿಪೆಗ್. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಮೈನಸ್ 20 ಡಿಗ್ರಿಯ ಆಸುಪಾಸು. ವಲಸೆ ಬಂದವರೆಲ್ಲ ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್ ನಗರಗಳಿಗೇ ಹೋಗುತ್ತಿದ್ದರು, ವಿನ್ನಿಪೆಗ್‌ಗೆ ಬರುವವರು ಕಡಿಮೆ. ಅಲ್ಲಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಹೊಲಿಗೆ ಯಂತ್ರದ ಕೆಲಸಗಾರರು ಸಿಗುತ್ತಿರಲಿಲ್ಲ. ಕೇಂದ್ರ ಸರ್ಕಾರದ ಅಂಕಪಟ್ಟಿಯಲ್ಲಿ ಹೊಲಿಗೆಗೆ ಬೆಲೆಯಿರಲಿಲ್ಲ, ಕಾರ್ಖಾನೆಗಳಲ್ಲಿ ಯಂತ್ರ ಖಾಲಿ ನಿಂತಿತ್ತು. ಪ್ರಾಂತ್ಯ ಪಟ್ಟು ಹಿಡಿಯಿತು. 1996ರಲ್ಲಿ ಕೇಂದ್ರದೊಡನೆ ವಲಸೆ ಒಪ್ಪಂದವಾಯಿತು, ಹೊಲಿಗೆಯವರನ್ನು ಹೊರಗಿನಿಂದ ಕರೆಸುವ ಪ್ರಯೋಗ ನಡೆಯಿತು. 1998ರಲ್ಲಿ ಅದು ‘ಪ್ರಾವಿನ್ಷಿಯಲ್ ನಾಮಿನಿ’ ಯೋಜನೆಯ ರೂಪ ಪಡೆಯಿತು. ಮ್ಯಾನಿಟೋಬಾ ಮಾಡಿದ್ದನ್ನು ನೋಡಿ ಉಳಿದ ಪ್ರಾಂತ್ಯಗಳೂ ಒಂದೊಂದಾಗಿ ಶುರುಮಾಡಿದವು. ಈಗ ಕ್ವಿಬೆಕ್ ಮತ್ತು ನೂನವುಟ್ ಬಿಟ್ಟು ಎಲ್ಲ ಕಡೆ ಈ ಯೋಜನೆಯಿದೆ. ಕ್ವಿಬೆಕ್‌ಗೆ ಬೇರೆಯದೇ ಪದ್ಧತಿ.

ಮುಂದೆ ಏನಾಯಿತು ಎಂಬುದು ಇನ್ನೂ ಸ್ವಾರಸ್ಯ. 2005ರ ಜನವರಿ 1ರಂದು ಬಟ್ಟೆ ವ್ಯಾಪಾರದ ಅಂತರರಾಷ್ಟ್ರೀಯ ಕೋಟಾ ಪದ್ಧತಿ ಕೊನೆಗೊಂಡಿತು. ತಿರುಪ್ಪೂರಿನ ರಫ್ತು ಬೆಳೆಯಲು ಅದೂ ಒಂದು ಕಾರಣ. ಅದೇ ಬದಲಾವಣೆ ವಿನ್ನಿಪೆಗ್‌ನ ಗಾರ್ಮೆಂಟ್ ಕಾರ್ಖಾನೆಗಳನ್ನು ಸೊರಗಿಸಿತು. ಯಾವ ಹೊಲಿಗೆಯವರಿಗಾಗಿ ಯೋಜನೆ ಹುಟ್ಟಿತೋ ಅವರ ಕೆಲಸವೇ ಅಲ್ಲಿ ಕರಗಿತು, ಯೋಜನೆ ಉಳಿಯಿತು. ಇವತ್ತು ತಿರುಪ್ಪೂರಿನ ಪವರ್ ಟೇಬಲ್ ಟೈಲರ್ ಅರ್ಜಿ ಹಾಕಿದರೆ ಆತನ ಕೆಲಸ ಕೆನಡಾದ ವರ್ಗೀಕರಣದಲ್ಲಿ ‘ಕೌಶಲದ ಕೆಲಸ’ದ ಗೆರೆಯಿಂದ ಕೆಳಗೆ ಬೀಳುತ್ತದೆ.

ನಾಮಿನೇಶನ್ ಎಂದರೆ ಇಷ್ಟೇ: ಒಂದು ಸೀಮೆ ತನ್ನ ಅಂದಿನ ಅಗತ್ಯಕ್ಕೆ ತಕ್ಕಂತೆ, ತಾನೇ ಆರಿಸಿ, ‘ಈತ ನಮಗೆ ಬೇಕು’ ಎಂದು ಕೇಂದ್ರಕ್ಕೆ ಬರೆದುಕೊಡುವ ಶಿಫಾರಸು. ಅಗತ್ಯ ತೀರಿದರೆ ಪಟ್ಟಿ ಬದಲಾಗುತ್ತದೆ. ಬಿಹಾರ, ಒಡಿಶಾದಿಂದ ಕೆಲಸಗಾರರನ್ನು ಕರೆಸುವ ತಿರುಪ್ಪೂರಿನ ಮಾಲೀಕರು ಆರ್ಡರ್ ಇದ್ದಾಗ ಓವರ್‌ಲಾಕ್‌ನವರನ್ನು ಕೇಳುತ್ತಾರೆ, ಇಲ್ಲದಾಗ ಕೇಳುವುದಿಲ್ಲ. ಅದರಲ್ಲಿ ಗ್ಯಾರಂಟಿ ಮಾತು ಎಲ್ಲಿಂದ ಬರಬೇಕು?

600 ಅಂಕದ ಲೆಕ್ಕ

ಕೆನಡಾದಲ್ಲಿ 2015ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆ ಇದೆ. ಹೋಗಬಯಸುವವರು ಆನ್‌ಲೈನ್‌ನಲ್ಲಿ ತಮ್ಮ ವಿವರ ತುಂಬುತ್ತಾರೆ. ವಯಸ್ಸು, ಓದು, ಇಂಗ್ಲಿಷ್, ಅನುಭವ ನೋಡಿ ಒಟ್ಟು 1,200ಕ್ಕೆ ಅಂಕ ಬೀಳುತ್ತದೆ. ಆಗಾಗ ಸರ್ಕಾರ ಮೇಲಿನ ಅಂಕದವರನ್ನು ಕರೆಯುತ್ತದೆ. ಒಂದು ಪ್ರಾಂತ್ಯದ ನಾಮಿನೇಶನ್ ಸಿಕ್ಕಿತೆಂದರೆ ಒಂದೇ ಏಟಿಗೆ 600 ಅಂಕ ಸೇರುತ್ತದೆ. ಅಂದರೆ ಕರೆ ಬರುವುದು ಹೆಚ್ಚುಕಡಿಮೆ ಖಚಿತ. ಏಜೆಂಟರು ಈ 600ನ್ನು ತೋರಿಸಿಯೇ ಹಣ ಕೇಳುವುದು. ಆ 600 ಕೊಡುವುದು ಪ್ರಾಂತ್ಯವೇ ಹೊರತು ಏಜೆಂಟ್ ಅಲ್ಲ ಎಂಬುದನ್ನು ಮಾತಿನ ಭರದಲ್ಲಿ ಬಿಟ್ಟುಬಿಡುತ್ತಾರೆ.

ಇನ್ನೊಂದು ವಿಷಯವನ್ನೂ ಬಿಡುತ್ತಾರೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಿವರ ತುಂಬಲು ಸರ್ಕಾರಿ ಶುಲ್ಕ ಒಂದು ಪೈಸೆಯೂ ಇಲ್ಲ. ಅದು 12 ತಿಂಗಳು ಊರ್ಜಿತ, ಮುಗಿದರೆ ಮತ್ತೆ ತುಂಬಬಹುದು. ‘ನಿಮ್ಮ ಫೈಲ್ ಕೆನಡಾಕ್ಕೆ ಹೋಗಿದೆ’ ಎಂದು ಹೇಳಿ ಕಂತು ವಸೂಲು ಮಾಡುವ ಕಡೆ ಅನೇಕ ಸಲ ನಡೆದಿರುವುದು ಈ ಪುಕ್ಕಟೆ ಕೆಲಸವೊಂದೇ.

ವಯಸ್ಸಿನ ಲೆಕ್ಕ ಗಮನಿಸಬೇಕು. ಜೋಡಿಯಾಗಿ ಹೋಗುವವರಿಗೆ 20ರಿಂದ 29ರವರೆಗೆ ವಯಸ್ಸಿನ ಅಂಕ 100. 30 ತುಂಬಿದ ದಿನದಿಂದ ವರ್ಷಕ್ಕೆ 5ರಂತೆ ಕಳೆಯುತ್ತ 35ಕ್ಕೆ 70 ಆಗುತ್ತದೆ. 45ಕ್ಕೆ ಸೊನ್ನೆ. ಹಾಗಾಗಿ ಏಜೆಂಟರ ಕಚೇರಿಯಲ್ಲಿ ‘ನೋಡೋಣ, ಮುಂದಿನ ವರ್ಷ ಆಗುತ್ತದೆ’ ಎಂದು ಕಾಯುವುದಕ್ಕೂ ಬೆಲೆ ಇದೆ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶವೂ 2 ವರ್ಷಕ್ಕೆ ಹಳತಾಗುತ್ತದೆ. ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯಲ್ಲಿ ಕೇಳುವುದಕ್ಕೆ 8, ಉಳಿದ ಮೂರಕ್ಕೆ 7 ಬಂದರೆ ಅಂಕ ಚೆನ್ನಾಗಿ ಏರುತ್ತದೆ. ಕನ್ನಡದಲ್ಲಿ ಮನೆ, ತಮಿಳಿನಲ್ಲಿ ಶಾಲೆ, ಇಂಗ್ಲಿಷಿನಲ್ಲಿ ಕಾಲೇಜು ಎಂದು ಬೆಳೆದವರಿಗೆ ಇನ್ನೊಂದು ಭಾಷೆ ಹೊಸತೇನಲ್ಲ. ಫ್ರೆಂಚ್ ಚೆನ್ನಾಗಿ ಕಲಿತವರಿಗೆ 2023ರಿಂದ ಪ್ರತ್ಯೇಕ ಆಯ್ಕೆ ನಡೆಯುತ್ತಿದ್ದು, ಅದರಲ್ಲಿ ಕಟ್ಆಫ್ 400ರ ಆಸುಪಾಸಿಗೂ ಇಳಿದದ್ದುಂಟು. ಎರಡು ವರ್ಷ ಏಜೆಂಟರಿಗೆ ಕಾಯುವ ಬದಲು ಆ ಎರಡು ವರ್ಷ ಫ್ರೆಂಚ್ ಕಲಿತವರು ಜಾಣರು.

ನಾಮಿನೇಶನ್ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಕೇಂದ್ರ ಸರ್ಕಾರ ಆರೋಗ್ಯ, ಪೊಲೀಸ್ ದಾಖಲೆ, ಭದ್ರತೆ, ಹಣ ಎಲ್ಲ ನೋಡಿಯೇ ಪಿಆರ್ ಕೊಡುವುದು. ಪ್ರಾಂತ್ಯ ಹೆಸರಿಸಿದವರನ್ನೂ ಕೇಂದ್ರ ನಿರಾಕರಿಸಬಹುದು.

2025ರಲ್ಲಿ ಏನಾಯಿತು

ಕೆನಡಾದಲ್ಲಿ ಮನೆ ಬಾಡಿಗೆ ಏರಿ, ವಲಸೆಯ ಬಗ್ಗೆ ಜನರ ಅಸಮಾಧಾನ ಹೆಚ್ಚಿದ ಮೇಲೆ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ವಲಸೆ ಗುರಿಗಳನ್ನು ತಗ್ಗಿಸಿತು. ನಾಮಿನಿ ಯೋಜನೆಯ ಗುರಿ 2024ರಲ್ಲಿ 1,10,000 ಇದ್ದದ್ದು 2025ಕ್ಕೆ 55,000ಕ್ಕೆ ಇಳಿಯಿತು. ಪ್ರಾಂತ್ಯಗಳ ಪಾಲು ಅರ್ಧವಾಯಿತು. ಒಂಟಾರಿಯೊಗೆ 21,500 ಇದ್ದದ್ದು ವರ್ಷದ ಆರಂಭದಲ್ಲಿ 10,750. ಸಸ್ಕಾಚೆವಾನ್‌ಗೆ ಸಿಕ್ಕಿದ್ದು 3,625. ಅಷ್ಟೇ ಅಲ್ಲ, ಆ ಪಾಲಿನಲ್ಲಿ ನಾಲ್ಕರಲ್ಲಿ ಮೂರು ಭಾಗ ಈಗಾಗಲೇ ಕೆನಡಾದಲ್ಲಿ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೇ ಹೋಗಬೇಕು ಎಂದು ಸಸ್ಕಾಚೆವಾನ್‌ಗೆ ಷರತ್ತು ಬಂತು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಯೋಜನೆಯಲ್ಲಿ 2026ರ ಗುರಿಯನ್ನು 91,500ಕ್ಕೆ ಏರಿಸಲಾಯಿತು, ಆದರೆ ‘ಒಳಗಿರುವವರಿಗೆ ಮೊದಲು’ ಎಂಬ ಒಲವು ಹಾಗೇ ಉಳಿದಿದೆ.

ಇದರ ಅರ್ಥ ಸ್ಪಷ್ಟ. ಅನ್ನೂರಿನಲ್ಲಿ ಕುಳಿತು ಅರ್ಜಿ ಹಾಕುವವರ ಮುಂದೆ ಸಾಲಿನಲ್ಲಿ ಬಹಳ ಜನ ನಿಂತಿದ್ದಾರೆ. ಅವರೆಲ್ಲ ಆ ದೇಶದಲ್ಲೇ ಓದಿ, ಅಲ್ಲೇ ಕೆಲಸಕ್ಕಿರುವವರು. ಮ್ಯಾನಿಟೋಬಾದ ಹೊರದೇಶದವರ ವಿಭಾಗದಲ್ಲಿ ಅಲ್ಲಿ ಹತ್ತಿರದ ನಂಟರೋ ಸ್ನೇಹಿತರೋ ಇರಬೇಕು, ಇಲ್ಲವೆ ಹಿಂದೆ ಅಲ್ಲಿ ಓದಿಯೋ ದುಡಿದೋ ಇರಬೇಕು, ಅದೂ ಇಲ್ಲದಿದ್ದರೆ ಪ್ರಾಂತ್ಯವೇ ನೇಮಕಾತಿಗೆಂದು ಕರೆದಿರಬೇಕು. ವಿನ್ನಿಪೆಗ್‌ನಲ್ಲಿ ಭಾವನೋ ಚಿಕ್ಕಪ್ಪನ ಮಗನೋ ಇರುವವರಿಗೆ ಈ ದಾರಿ ನಿಜಕ್ಕೂ ಉಪಯೋಗ. ಟೊರಾಂಟೊದಲ್ಲಿರುವ ನಂಟರು ಇದಕ್ಕೆ ಲೆಕ್ಕಕ್ಕಿಲ್ಲ.

ಸಣ್ಣ ಊರುಗಳಿಗೆಂದೇ 2025ರ ಜನವರಿಯಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಬ್ರ್ಯಾಂಡನ್, ಸ್ಟೈನ್‌ಬಾಕ್, ಥಂಡರ್ ಬೇ ಮುಂತಾದ 14 ಊರುಗಳನ್ನು ಆರಿಸಿ, ಆ ಊರಿನ ಒಪ್ಪಿತ ಸಂಸ್ಥೆಯೊಂದು ಕೆಲಸ ಕೊಟ್ಟರೆ ಪಿಆರ್‌ಗೆ ಶಿಫಾರಸು ಮಾಡುವ ವ್ಯವಸ್ಥೆ. ಇಲ್ಲೂ ಮೊದಲು ಬೇಕಾದದ್ದು ನಿಜವಾದ ಕೆಲಸ. ಕೆಲಸದ ಪತ್ರವನ್ನೇ ಹಣಕ್ಕೆ ಮಾರುವ ದಂಧೆ ಕೆನಡಾದಲ್ಲಿ ಎಷ್ಟು ಬೆಳೆದಿತ್ತೆಂದರೆ, 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆಲಸದ ಪತ್ರಕ್ಕೆ ಕೊಡುತ್ತಿದ್ದ ಅಂಕವನ್ನೇ ಸರ್ಕಾರ ತೆಗೆದುಹಾಕಿತು. ಇಂದಿಗೂ ‘ಜಾಬ್ ಆಫರ್ ಕೊಡಿಸಿ ಅಂಕ ಏರಿಸುತ್ತೇವೆ’ ಎನ್ನುವವರು ಸಿಕ್ಕರೆ ಅಲ್ಲಿಂದಲೇ ಎದ್ದು ಬರಬಹುದು.

ಫೌಂಡ್ರಿ, ವೆಲ್ಡಿಂಗ್, ಬನಿಯನ್ ಕಂಪನಿ

ಕೆನಡಾ ಎಲ್ಲ ಉದ್ಯೋಗಗಳನ್ನೂ 0ರಿಂದ 5ರವರೆಗೆ ಆರು ಮೆಟ್ಟಿಲಾಗಿ ವಿಂಗಡಿಸಿದೆ. 0, 1, 2, 3 ಕೌಶಲದ ಕೆಲಸಗಳು. 4, 5 ಅಲ್ಲ. ಈ ಗೆರೆ ಕೊಯಮತ್ತೂರು, ತಿರುಪ್ಪೂರಿನ ಕಾರ್ಖಾನೆಗಳ ನಡುವೆಯೇ ಹಾದುಹೋಗುತ್ತದೆ. ಮೆಕ್ಯಾನಿಕಲ್ ಎಂಜಿನಿಯರ್, ನರ್ಸ್ 1ರಲ್ಲಿ. ವೆಲ್ಡರ್, ಲೇತ್ ಮತ್ತು ಸಿಎನ್‌ಸಿ ಮೆಷಿನಿಸ್ಟ್, ಕಾರ್ಖಾನೆಯ ಎಲೆಕ್ಟ್ರೀಷಿಯನ್, ಯಂತ್ರ ದುರಸ್ತಿಯ ಫಿಟ್ಟರ್ 2ರಲ್ಲಿ. ಗಾರ್ಮೆಂಟ್ ವಿಭಾಗದ ಸೂಪರ್‌ವೈಸರ್ ಕೂಡ 2ರಲ್ಲೇ, ಪ್ಯಾಟರ್ನ್ ಮಾಸ್ಟರ್ 3ರಲ್ಲಿ. ಆದರೆ ಹೊಲಿಗೆ ಯಂತ್ರದವರು, ನಿಟ್ಟಿಂಗ್ ಮತ್ತು ಮಗ್ಗದ ಯಂತ್ರ ನಡೆಸುವವರು, ಮಿಲ್ಲಿನಲ್ಲಿ ನೂಲು ತೆಗೆಯುವವರು, ಫೌಂಡ್ರಿಯಲ್ಲಿ ಅಚ್ಚು ಕಟ್ಟುವವರು 4ರಲ್ಲಿ. ತಲೆಮಾರುಗಳಿಂದ ನೇಯ್ದ ಕೈಗೆ 4ನೇ ಮೆಟ್ಟಿಲು ಕೊಟ್ಟದ್ದು ನ್ಯಾಯವೇ ಎಂದು ಸಿರುಮುಗೈ ನೇಕಾರರು ಕೇಳಬಹುದು. ನ್ಯಾಯವಲ್ಲದಿರಬಹುದು, ಪಟ್ಟಿ ಹಾಗಿದೆ. ನೇಕಾರರ ಮಗಳು ನರ್ಸಿಂಗ್ ಓದಿದ್ದರೆ, ಮಗ ಐಟಿಐ ಮುಗಿಸಿ ಮೆಷಿನಿಸ್ಟ್ ಆಗಿದ್ದರೆ ಅವರಿಗೆ ದಾರಿಯಿದೆ.

ಕೆಲಸದ ಹೆಸರಿಗಿಂತ ಮಾಡಿದ ಕೆಲಸ ಮುಖ್ಯ. ಈ ಜಾಗದಲ್ಲೇ ತಿರುಪ್ಪೂರಿನವರು ಎಡವುವುದು. ಅನುಭವ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿರಬೇಕು. ಯಾವ ದಿನದಿಂದ ಯಾವ ದಿನದವರೆಗೆ, ವಾರಕ್ಕೆ ಎಷ್ಟು ಗಂಟೆ, ಸಂಬಳವೆಷ್ಟು, ಏನೇನು ಕೆಲಸ ಎಂಬುದೆಲ್ಲ ಬರೆದಿರಬೇಕು. ಅದಕ್ಕೆ ಹೊಂದುವ ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಎಫ್ ದಾಖಲೆ, ಫಾರಂ 16 ಇದ್ದರೆ ಗಟ್ಟಿ. ಜಾಬ್‌ವರ್ಕ್ ಘಟಕಗಳಲ್ಲಿ ಶನಿವಾರ ಕವರಿನಲ್ಲಿ ಸಂಬಳ ಪಡೆದವರ ಹತ್ತು ವರ್ಷದ ಅನುಭವ ಕೈಯಲ್ಲಿ ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಏಜೆಂಟರು ಆಗ ‘ಪತ್ರ ನಾವೇ ಮಾಡಿಸುತ್ತೇವೆ’ ಎನ್ನುತ್ತಾರೆ. ಈ ಮಾತಿಗೆ ಒಪ್ಪಿದವರು ಸಿಕ್ಕಿಬಿದ್ದರೆ ಸುಳ್ಳು ಮಾಹಿತಿ ಎಂದು 5 ವರ್ಷ ಕೆನಡಾಕ್ಕೆ ಅರ್ಜಿಯನ್ನೇ ಹಾಕುವಂತಿಲ್ಲ. ಶಿಕ್ಷೆ ಬೀಳುವುದು ಸಹಿ ಹಾಕಿದ ಅರ್ಜಿದಾರನಿಗೆ, ಪತ್ರ ಮಾಡಿಸಿಕೊಟ್ಟವನಿಗಲ್ಲ.

ಹೆಸರಿನ ತೊಡಕು ಈ ಭಾಗದ ಕನ್ನಡದವರಿಗೆ ವಿಶೇಷ. ಮನೆಯಲ್ಲಿ ಬಸವರಾಜು. ತಮಿಳು ಲಿಪಿಯಲ್ಲಿ ‘ಬ’ ಮತ್ತು ‘ಪ’ಕ್ಕೆ ಒಂದೇ ಅಕ್ಷರ, ಹಾಗಾಗಿ ಶಾಲೆಯ ದಾಖಲೆಯಿಂದ ಇಂಗ್ಲಿಷಿಗೆ ಬರುವಾಗ ಪಸವರಾಜು. ಗೌಡ ಎಂಬುದು ಕವುಡ, ಗೌಡರ್, ಗೌಂಡರ್ ತನಕ ಏನು ಬೇಕಾದರೂ ಆದೀತು. ಅದರ ಮೇಲೆ ಇನಿಶಿಯಲ್. ಪದವಿ ಪತ್ರದಲ್ಲಿ ಒಂದಕ್ಷರದ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಇಲ್ಲಿ ಎಲ್ಲರಿಗೂ ಅರ್ಥವಾಗುವ ಈ ಪದ್ಧತಿ ಕೆನಡಾದ ಅಧಿಕಾರಿಗೆ ಇಬ್ಬರು ಬೇರೆ ವ್ಯಕ್ತಿಗಳಂತೆ ಕಾಣಬಹುದು. ಅಫಿಡವಿಟ್ ಮಾಡಿಸಿ, ಸಾಧ್ಯವಿದ್ದ ಕಡೆ ಮೂಲ ದಾಖಲೆಯನ್ನೇ ತಿದ್ದಿಸಿ ಮುಂದುವರಿಯುವುದು ಕ್ಷೇಮ. ಮಕ್ಕಳ ಜನನ ಪತ್ರ, ಮದುವೆ ನೋಂದಣಿ ಪತ್ರ ತಮಿಳಿನಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ತಮಿಳುನಾಡಿನಲ್ಲಿ ಮದುವೆ ನೋಂದಣಿ ಕಡ್ಡಾಯವಾದದ್ದು 2009ರ ಕಾಯಿದೆಯಿಂದ. ದೇವಸ್ಥಾನದಲ್ಲಿ ತಾಳಿ ಕಟ್ಟಿ, ಫೋಟೊ ಆಲ್ಬಮ್ ಬಿಟ್ಟರೆ ಬೇರೆ ದಾಖಲೆಯಿಲ್ಲದ ಮನೆಗಳು ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಪದವಿಯನ್ನು ಕೆನಡಾದ ಮಟ್ಟಕ್ಕೆ ತೂಗಿಸುವ ಕೆಲಸವೂ ಇದೆ. ಅದಕ್ಕೆ ಭಾರತಿಯಾರ್ ಅಥವಾ ಅಣ್ಣಾ ವಿಶ್ವವಿದ್ಯಾಲಯದಿಂದ ಅಂಕಪಟ್ಟಿಗಳು ಮೊಹರು ಬಿದ್ದೇ ಹೋಗಬೇಕು. ಅದಕ್ಕೆ ಹಿಡಿಯುವ ಸಮಯ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸಾಲದ ಹಣ ನಡೆಯದು

ಕೆಲಸದ ಪತ್ರವಿಲ್ಲದೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೋಗುವವರು ಅಲ್ಲಿ ನೆಲೆಯೂರುವ ತನಕದ ಖರ್ಚಿಗೆ ಕೈಯಲ್ಲಿ ಹಣವಿದೆ ಎಂದು ತೋರಿಸಬೇಕು. 2025ರ ಜುಲೈಯಲ್ಲಿ ಗೊತ್ತುಮಾಡಿದ ಮೊತ್ತ ಒಬ್ಬರಿಗೆ 15,263, ನಾಲ್ವರ ಕುಟುಂಬಕ್ಕೆ 28,362 ಕೆನಡಾ ಡಾಲರ್. ರೂಪಾಯಿಯಲ್ಲಿ ನಾಲ್ವರಿಗೆ ಸುಮಾರು 17, 18 ಲಕ್ಷ. ಈ ಮೊತ್ತ ವರ್ಷವರ್ಷ ಬದಲಾಗುತ್ತದೆ. ಹಳ್ಳಿಯ ಮನೆಗಳು ತಿಳಿಯಬೇಕಾದ ಮಾತು ಬೇರೆ: ಈ ಹಣ ಸಾಲದ್ದಾಗಿರಬಾರದು, ತೋಟದ ಬೆಲೆಯನ್ನೋ ಮನೆಯ ಬೆಲೆಯನ್ನೋ ಇದಕ್ಕೆ ತೋರಿಸುವಂತಿಲ್ಲ. ಮಾವನಿಂದ ಒಂದು ತಿಂಗಳಿಗೆಂದು ಪಡೆದು ಬ್ಯಾಂಕಿನಲ್ಲಿಟ್ಟರೆ ಅಧಿಕಾರಿ ಆರು ತಿಂಗಳ ಲೆಕ್ಕ ನೋಡುತ್ತಾರೆ, ಹಣ ಎಲ್ಲಿಂದ ಬಂತೆಂದು ಕೇಳುತ್ತಾರೆ.

ತೋಟ ಏನಾಗುತ್ತದೆ ಎಂಬ ಪ್ರಶ್ನೆ ಹಿರಿಯರದು. ಪಿಆರ್ ಪಡೆದು ಹೊರದೇಶದಲ್ಲಿ ನೆಲೆಸಿದವರು ಎನ್‌ಆರ್‌ಐ ಆಗುತ್ತಾರೆ. ಇಲ್ಲಿದ್ದಾಗ ಕೊಂಡ ಕೃಷಿ ಭೂಮಿ ಅವರದಾಗಿಯೇ ಉಳಿಯುತ್ತದೆ, ಅಪ್ಪನಿಂದ ಬರುವ ಪಿತ್ರಾರ್ಜಿತವೂ ಬರುತ್ತದೆ. ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಡಾಲರ್ ಸಂಪಾದಿಸಿ ಪಕ್ಕದ ನಾಲ್ಕೆಕರೆ ಸೇರಿಸಿಕೊಳ್ಳುವ ಕನಸಿದ್ದರೆ ಅದನ್ನು ಹೋಗುವ ಮುನ್ನವೇ ಯೋಚಿಸಬೇಕು.

ಅಪ್ಪ ಅಮ್ಮ ಈ ಅರ್ಜಿಯಲ್ಲಿ ಸೇರುವುದಿಲ್ಲ. ಹೆಂಡತಿ ಅಥವಾ ಗಂಡ, 22 ತುಂಬದ ಮದುವೆಯಾಗದ ಮಕ್ಕಳು, ಇಷ್ಟೇ. ಹಿರಿಯರಿಗೆ ಸೂಪರ್ ವೀಸಾ ಎಂಬುದಿದೆ. 2022ರಿಂದ ಅದರಲ್ಲಿ ಒಂದು ಸಲಕ್ಕೆ 5 ವರ್ಷದವರೆಗೂ ಮಕ್ಕಳ ಜೊತೆ ಇರಬಹುದು, ಆದರೆ ಆರೋಗ್ಯ ವಿಮೆ ಮಾಡಿಸಿರಬೇಕು. ಈಗ ಜೊತೆಗೆ ಬಾರದ ಹೆಂಡತಿ, ಮಕ್ಕಳನ್ನೂ ಅರ್ಜಿಯಲ್ಲಿ ಬರೆಯಲೇಬೇಕು, ಅವರಿಗೂ ವೈದ್ಯಕೀಯ ಪರೀಕ್ಷೆ ಮಾಡಿಸಲೇಬೇಕು. ಅಂಕ ಹೆಚ್ಚಾಗಲೆಂದು ಮದುವೆಯನ್ನೇ ಮುಚ್ಚಿಟ್ಟು ಹೋದವರು ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲಾಗದೆ ಪರದಾಡಬೇಕಾಗುತ್ತದೆ.

ನಾಮಿನೇಟ್ ಮಾಡಿದ ಪ್ರಾಂತ್ಯದಲ್ಲೇ ಇರಬೇಕೇ? ಪಿಆರ್ ಬಂದ ಮೇಲೆ ಯಾವ ಪ್ರಾಂತ್ಯಕ್ಕಾದರೂ ಹೋಗಿ ದುಡಿಯುವ ಹಕ್ಕು ಕೆನಡಾದ 1982ರ ಹಕ್ಕುಗಳ ಸನ್ನದಿನಲ್ಲಿದೆ. ಆದರೆ ಅರ್ಜಿ ಹಾಕುವಾಗ ಅಲ್ಲೇ ನೆಲೆಸುವ ಉದ್ದೇಶ ನಿಜವಾಗಿರಬೇಕು. ವಿನ್ನಿಪೆಗ್‌ಗೆ ಎಂದು ಬರೆದು ವಿಮಾನ ನಿಲ್ದಾಣದಿಂದಲೇ ಟೊರಾಂಟೊಗೆ ಟಿಕೆಟ್ ತೆಗೆದರೆ ಆ ಉದ್ದೇಶವೇ ಸುಳ್ಳೆಂದು ಪ್ರಶ್ನೆ ಏಳಬಹುದು.

ಆಸ್ಟ್ರೇಲಿಯದ ದಾರಿ

ಆಸ್ಟ್ರೇಲಿಯವೂ 1996ರಲ್ಲೇ ರಾಜ್ಯಗಳ ಬೇಡಿಕೆಗೆ ತಕ್ಕಂತೆ ವಲಸೆ ಶುರುಮಾಡಿದ ದೇಶ. ಅಲ್ಲಿ ಎರಡು ವೀಸಾ. 190 ಸಂಖ್ಯೆಯದು ನೇರ ಪಿಆರ್, ರಾಜ್ಯದ ನಾಮಿನೇಶನ್‌ಗೆ 5 ಅಂಕ. 491 ಸಂಖ್ಯೆಯದು 2019ರ ನವೆಂಬರ್‌ನಲ್ಲಿ ಬಂದದ್ದು, 5 ವರ್ಷದ ತಾತ್ಕಾಲಿಕ ವೀಸಾ, ನಾಮಿನೇಶನ್‌ಗೆ 15 ಅಂಕ. ಇದರಲ್ಲಿ ಹೋದವರು ‘ಪ್ರಾದೇಶಿಕ’ ಎಂದು ಗುರುತಿಸಿದ ಜಾಗದಲ್ಲೇ ಇದ್ದು, ಅಲ್ಲೇ ದುಡಿದು, 3 ವರ್ಷದ ತೆರಿಗೆ ದಾಖಲೆಯೊಡನೆ 191 ಎಂಬ ಪಿಆರ್‌ಗೆ ಅರ್ಜಿ ಹಾಕಬಹುದು. ಕೆನಡಾದಂತೆ ಇಲ್ಲಿ ಮಾತಿನ ಭರವಸೆ ಅಲ್ಲ, ಜಾಗ ಬಿಟ್ಟುಹೋಗುವಂತಿಲ್ಲ ಎಂಬುದು ವೀಸಾದ ಷರತ್ತೇ. ಆದರೆ ಪ್ರಾದೇಶಿಕ ಎಂದರೆ ಕುಗ್ರಾಮ ಎಂದು ಹೆದರಬೇಕಿಲ್ಲ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ದೇಶವೆಲ್ಲ ಆ ಲೆಕ್ಕಕ್ಕೆ ಬರುತ್ತದೆ. ಪರ್ತ್, ಅಡಿಲೇಡ್, ರಾಜಧಾನಿ ಕ್ಯಾನ್‌ಬೆರಾ ಕೂಡ ‘ಪ್ರಾದೇಶಿಕ’.

ಒಂದು ಲೆಕ್ಕ ಹಾಕಿ ನೋಡಬಹುದು. 33 ವರ್ಷದ ಮೆಕ್ಯಾನಿಕಲ್ ಎಂಜಿನಿಯರ್, ಕೊಯಮತ್ತೂರಿನಲ್ಲಿ ಬಿಇ, ಪಂಪ್ ತಯಾರಿಕೆಯಲ್ಲಿ 8 ವರ್ಷ, ಐಇಎಲ್‌ಟಿಎಸ್‌ನಲ್ಲಿ ಎಲ್ಲಕ್ಕೂ 7. ವಯಸ್ಸಿಗೆ 25, ಪದವಿಗೆ 15, ಅನುಭವಕ್ಕೆ 15, ಇಂಗ್ಲಿಷಿಗೆ 10, ಒಟ್ಟು 65. ಇದು ಕನಿಷ್ಠ ಅರ್ಹತೆಯಷ್ಟೇ. ಹೆಂಡತಿಯೂ ಐಇಎಲ್‌ಟಿಎಸ್ ಬರೆದು ಎಲ್ಲಕ್ಕೂ 6 ಪಡೆದರೆ 5 ಸೇರಿ 70. 190ಕ್ಕೆ ನಾಮಿನೇಶನ್ ಸಿಕ್ಕರೆ 75, 491ಕ್ಕೆ ಸಿಕ್ಕರೆ 85. ಇಂಗ್ಲಿಷಿನಲ್ಲಿ ಎಲ್ಲಕ್ಕೂ 8 ಬಂದರೆ ಇನ್ನೂ 10. ಇದೇ ವ್ಯಕ್ತಿ 40 ತುಂಬುವವರೆಗೆ ಕಾದರೆ ವಯಸ್ಸಿನ 25 ಹೋಗಿ 15 ಆಗುತ್ತದೆ, 45 ತುಂಬಿದರೆ ಬಾಗಿಲೇ ಮುಚ್ಚುತ್ತದೆ. ಎಂಜಿನಿಯರ್‌ಗಳ ಓದು, ಅನುಭವವನ್ನು ಮೊದಲು ಎಂಜಿನಿಯರ್ಸ್ ಆಸ್ಟ್ರೇಲಿಯ ಎಂಬ ಸಂಸ್ಥೆ ಪರಿಶೀಲಿಸಿ ಒಪ್ಪಬೇಕು. ವೆಲ್ಡರ್, ಫಿಟ್ಟರ್‌ಗಳಿಗೆ ಬೇರೆ ಸಂಸ್ಥೆ. ಅವರಲ್ಲಿ ಕೈಕೆಲಸದ ಪರೀಕ್ಷೆಯೂ ಇರಬಹುದು. 2024-25ರಲ್ಲಿ ಆಸ್ಟ್ರೇಲಿಯ ರಾಜ್ಯ ನಾಮಿನೇಶನ್‌ಗೆ 33,000, ಪ್ರಾದೇಶಿಕ ವಿಭಾಗಕ್ಕೆ 33,000 ಜಾಗ ಇಟ್ಟಿತ್ತು. ಈ ಎಣಿಕೆಯಲ್ಲಿ ಹೆಂಡತಿ ಮಕ್ಕಳೂ ಸೇರುತ್ತಾರೆ. ಇಲ್ಲಿಯೂ ಆಸಕ್ತಿ ಅರ್ಜಿ ಹಾಕಲು ಕೇಂದ್ರಕ್ಕೆ ಶುಲ್ಕವಿಲ್ಲ. ವೀಸಾ ಶುಲ್ಕ ಮಾತ್ರ ಭಾರಿ, 2025ರಲ್ಲಿ ಮುಖ್ಯ ಅರ್ಜಿದಾರರಿಗೇ ಸುಮಾರು 4,900 ಆಸ್ಟ್ರೇಲಿಯ ಡಾಲರ್.

ಏಜೆಂಟರನ್ನು ನೋಡುವ ಬಗೆ

ಏಜೆಂಟರೆಲ್ಲ ಮೋಸಗಾರರಲ್ಲ. ಕಾಗದಪತ್ರ ಓದಲು ಕಷ್ಟಪಡುವವರಿಗೆ ಒಳ್ಳೆಯವರ ನೆರವು ಬೇಕೇಬೇಕು. ಆದರೆ ಅಳೆಯಲು ಒಂದು ಕೋಲಿದೆ. ಕೆನಡಾಕ್ಕೆ ಹಣ ಪಡೆದು ಅರ್ಜಿ ನಡೆಸುವವರು ಅಲ್ಲಿನ ವಕೀಲರಾಗಿರಬೇಕು, ಇಲ್ಲವೆ ಆ ದೇಶದ ವಲಸೆ ಸಲಹೆಗಾರರ ಕಾಲೇಜಿನಲ್ಲಿ ಹೆಸರಿರುವ ಪರವಾನಗಿದಾರರಾಗಿರಬೇಕು. 2021ರ ನವೆಂಬರ್‌ನಿಂದ ಇರುವ ಈ ಕಾಲೇಜಿನ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಗೋಡೆಗೆ ಹಾಕಿದ ಸರ್ಟಿಫಿಕೇಟ್ ಯಾರದೋ ಇದ್ದು, ಫೈಲ್ ನೋಡುವವರು ಇನ್ಯಾರೋ ಆಗಿದ್ದರೆ ಆ ಪರವಾನಗಿಯಿಂದ ಪ್ರಯೋಜನವಿಲ್ಲ. ಆಸ್ಟ್ರೇಲಿಯದಲ್ಲಿ ನೋಂದಾಯಿತ ಏಜೆಂಟರಿಗೆ 7 ಅಂಕಿಯ ಸಂಖ್ಯೆ ಇರುತ್ತದೆ. ಹೊರದೇಶದಲ್ಲಿರುವ ಏಜೆಂಟರಿಗೆ ಆ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಸಂಖ್ಯೆ ಇಲ್ಲದವರಿಂದ ತೊಂದರೆಯಾದರೆ ಅಲ್ಲಿ ದೂರು ಕೇಳುವವರಿಲ್ಲ.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ಸಣ್ಣದು. ಯಾವ ಪ್ರಾಂತ್ಯ, ಯಾವ ವಿಭಾಗ, ಈ ವರ್ಷ ಆ ವಿಭಾಗದಲ್ಲಿ ಹೊರಗಿನವರನ್ನು ಕರೆಯುತ್ತಿದ್ದಾರೆಯೇ? ಉತ್ತರ ಕೊಟ್ಟರೆ ಆ ಪ್ರಾಂತ್ಯದ ಸರ್ಕಾರಿ ಪುಟ ತೆರೆದು ಎದುರಿಗೇ ತೋರಿಸಲು ಹೇಳಿ. ಸರ್ಕಾರದ ಶುಲ್ಕಗಳನ್ನು ಸ್ವಂತ ಕಾರ್ಡಿನಿಂದಲೇ ಕಟ್ಟಿ. ಅರ್ಜಿಯ ಲಾಗಿನ್, ಪಾಸ್‌ವರ್ಡ್ ನಿಮ್ಮ ಬಳಿಯೂ ಇರಲಿ. ಏಜೆಂಟರ ಇಮೇಲ್‌ಗೇ ಎಲ್ಲ ಪತ್ರ ಹೋಗುವಂತೆ ಮಾಡಿಕೊಂಡು, 30 ದಿನದಲ್ಲಿ ಒಪ್ಪಬೇಕಿದ್ದ ನಾಮಿನೇಶನ್ ಗಡುವು ಮೀರಿದರೆ ಹೊಣೆ ಯಾರದು?

ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನು ಮೊದಲೇ ಮಾಡಿಸಿಡಿ ಎಂದು ಅವಸರಪಡಿಸುವವರೂ ಇದ್ದಾರೆ. ಕೊಯಮತ್ತೂರು ಪಾಸ್‌ಪೋರ್ಟ್ ಕಚೇರಿಯ ಮೂಲಕ ಸಿಗುವ ಈ ಪತ್ರ ಕೆನಡಾಕ್ಕೆ ಅರ್ಜಿ ಸಲ್ಲಿಸುವ ಹೊತ್ತಿಗೆ 6 ತಿಂಗಳಿಗಿಂತ ಹಳೆಯದಾಗಿರಬಾರದು. ಎಕ್ಸ್‌ಪ್ರೆಸ್ ಎಂಟ್ರಿಯ ಕರೆ ಬಂದ ಮೇಲೆ 60 ದಿನ ಸಮಯವಿರುತ್ತದೆ, ಅಷ್ಟರಲ್ಲಿ ಮಾಡಿಸಿಕೊಂಡರೆ ಸಾಕು. ಅದಕ್ಕೂ ಮೊದಲು ಆಗಬೇಕಾದ ಕೆಲಸ ಇಂಗ್ಲಿಷ್ ಪರೀಕ್ಷೆ, ಕಂಪನಿಯಿಂದ ಸರಿಯಾದ ಅನುಭವ ಪತ್ರ, ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರು. ಈ ಮೂರಕ್ಕೂ ತೋಟದ ಪಟ್ಟಾ ಅಡವಿಡುವ ಅಗತ್ಯ ಬೀಳುವುದಿಲ್ಲ.